ಸ್ನಾಯು ತೋರಿಸುವ ಮುಂಡದ ಮಾದರಿ: ಬಳ್ಳಾರಿಯ ನರ್ಸಿಂಗ್ ಲ್ಯಾಬ್‌ಗೆ ಆಗುತ್ತದೆಯೇ?

ತಲೆಯಿಂದ ಸೊಂಟದವರೆಗೆ 85 ಸೆಂ.ಮೀ. ಎತ್ತರದ ಪಿವಿಸಿ ಮಾದರಿ. ಕುತ್ತಿಗೆಯ ಭಾಗ ಒಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಸ್ಟರ್ನೊಕ್ಲೈಡೊಮಾಸ್ಟಾಯ್ಡ್ ಎಂಬ ಕತ್ತಿನ ಪಕ್ಕದ ಸ್ನಾಯು ಎದೆಮೂಳೆಯಿಂದ ಒಂದು, ಕೊರಳೆಲುಬಿನಿಂದ ಇನ್ನೊಂದು ಕವಲಾಗಿ ಹೊರಟು ಕಿವಿಯ ಹಿಂದಿನ ಉಬ್ಬಿಗೆ ಸೇರುವುದು ಎದ್ದು ಕಾಣುತ್ತದೆ. ಬಲಗಡೆಯದು ಬಿಗಿದರೆ ಮುಖ ಎಡಕ್ಕೆ ತಿರುಗುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಮಾದರಿ ತೋರಿಸಿದ ಮೇಲೆ ಅವರವರ ಕತ್ತಿನ ಮೇಲೆ ಬೆರಳಿಟ್ಟು ತಿರುಗಿಸಿ ನೋಡಲು ಹೇಳಿ.

ದವಡೆ ಮುಚ್ಚುವ ಮ್ಯಾಸೆಟರ್ ಚೆನ್ನಾಗಿದೆ, ಆದರೆ ಕಳಚಿ ಬರುವುದಿಲ್ಲ. ಹಾಗಾಗಿ ಒಳಗಡೆ ಇರುವ, ಬಾಯಿ ತೆರೆಯಲು ನೆರವಾಗುವ ಲ್ಯಾಟರಲ್ ಟೆರಿಗಾಯ್ಡ್ ಸ್ನಾಯು ಕಾಣುವುದೇ ಇಲ್ಲ. ದೊಡ್ಡ ಕೊರತೆ ಇದು.

ವಪೆಯ (ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆ) ಮೂರು ರಂಧ್ರಗಳೂ ಸರಿಯಾದ ಮಟ್ಟದಲ್ಲಿವೆ: ಎದೆಯ 8ನೇ ಕಶೇರುಕದ ಎದುರು ಕೆಳ ಮಹಾಸಿರೆ, 10ರಲ್ಲಿ ಅನ್ನನಾಳ, 12ರಲ್ಲಿ ಮಹಾಪಧಮನಿ. ಹೊಟ್ಟೆಯ ಪದರಗಳು ಒಂದೊಂದಾಗಿ ಬಿಚ್ಚುತ್ತವೆ. ಹೊರಗಿನ ಓರೆಸ್ನಾಯುವಿನ ಎಳೆಗಳು ಜೇಬಿಗೆ ಕೈ ಹಾಕಿದ ಹಾಗೆ ಕೆಳಕ್ಕೆ, ಮುಂದಕ್ಕೆ. ಬೆನ್ನಿನ ಭಾಗ ಸಾಧಾರಣ.

ಬಳ್ಳಾರಿಯ ಏಪ್ರಿಲ್-ಮೇ ಬಿಸಿಲಲ್ಲಿ ಕಿಟಕಿ ಪಕ್ಕ ಇಡಬೇಡಿ. ಪಿವಿಸಿ ಮೆತ್ತಗಾಗಿ ಸೊಟ್ಟಗಾದರೆ ಭಾಗಗಳನ್ನು ಜೋಡಿಸುವ ಗೂಟ ತೂತಿಗೆ ಕೂರುವುದಿಲ್ಲ. ಕೆಂಧೂಳನ್ನು ಸೋಪುನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್ ಹಾಕಿದರೆ ಬಣ್ಣ ಎದ್ದು ಬರುತ್ತದೆ.