12 ಲೀಟರ್ ರನ್ನಿಂಗ್ ವೆಸ್ಟ್: ಮಲೆನಾಡು, ಲಡಾಖ್, ಥಾರ್ ಮೂರೂ ಕಡೆ ಹಾಕ್ಕೊಂಡು ಓಡಿದ ಮೇಲೆ

42 ಕಿಲೋಮೀಟರ್ ದಾಟಿ ಓಡೋ ಆಸೆ ಇರೋರಿಗೆಲ್ಲ ಮೊದಲೇ ಹೇಳ್ಬಿಡ್ತೀನಿ, ಶೂ ವಿಷಯಕ್ಕೆ ಎಷ್ಟು ತಲೆ ಕೆಡಿಸ್ಕೋತೀರೋ ವೆಸ್ಟ್‌ಗೂ, ಅಂದ್ರೆ ನೀರು, ಜಾಕೆಟ್ ತುಂಬ್ಕೊಂಡು ಓಡೋಕೆ ಮೈಗೆ ಬಿಗಿಯಾಗಿ ಹಾಕ್ಕೊಳ್ಳೋ ಚೀಲಕ್ಕೂ, ಅಷ್ಟೇ ಕೆಡಿಸ್ಕೊಳ್ಳಿ, ಮತ್ತೆ ದಯವಿಟ್ಟು 5 ಲೀಟರ್ ಸಾಮಾನು ಮಾತ್ರ ಹಿಡಿಸೋದು ತಗೋಬೇಡಿ. ಹೊಸಬ್ರು ಎಲ್ಲ ಕೇಳೋದು "ಹಗುರ ಇರೋದು ಯಾವ್ದು ಸರ್" ಅಂತ. ನಾನು ವಾಪಸ್ ಕೇಳೋದು ಇಷ್ಟೇ, ನೀರು ತುಂಬಿಸಿದ ಮೇಲೂ ಒಂದು ಮಳೆ ಜಾಕೆಟ್ ಅದ್ರೊಳಗೆ ಹೋಗುತ್ತಾ?

ನನ್ನತ್ರ ಇರೋದು 12 ಲೀಟರ್‌ದು, ಎದೆ ಮುಂದೆ ಅರ್ಧ ಲೀಟರ್‌ನ ಎರಡು ಸಾಫ್ಟ್ ಫ್ಲಾಸ್ಕ್, ಹಿಂದೆ ಬ್ಲ್ಯಾಡರ್ (ಪೈಪಲ್ಲಿ ಹೀರಿ ಕುಡಿಯೋ ನೀರಿನ ಚೀಲ) ಹಾಕೋಕೆ ಜಾಗ, ಅದರ ಮೇಲೆ ಎಳೆದ್ರೆ ಹಿಗ್ಗೋ ಥರದ ಒಂದು ಪಾಕೆಟ್. ಕಂಪನಿ ಹೆಸರು ಬರೀತಿಲ್ಲ, ಆ ಮಾಡೆಲ್ ಈಗ ಬರೋದೂ ಇಲ್ಲ, ಆದ್ರೆ ಈ ಡಿಸೈನ್ ಎಲ್ಲ ಕಂಪನಿಯವರೂ ಮಾಡ್ತಾರೆ, ಹಾಗಾಗಿ ಹೇಳೋದು ಎಲ್ಲದಕ್ಕೂ ಹೆಚ್ಚುಕಮ್ಮಿ ಅನ್ವಯ ಆಗುತ್ತೆ.

ಮೊದಲು ಮಲೆನಾಡು. ಚಿಕ್ಕಮಗಳೂರು ಕಡೆ ಕಾಫಿ ತೋಟದೊಳಗೆ ಓಡೋ ಸುಖ ಬೇರೆ ಎಲ್ಲೂ ಸಿಗಲ್ಲ ನನಗೆ, ಬೆಳಗ್ಗೆ ಮಂಜು, ಸಿಲ್ವರ್ ಓಕ್‌ಗೆ ಹಬ್ಬಿರೋ ಮೆಣಸಿನ ಬಳ್ಳಿ, ಕಾಲ ಕೆಳಗೆ ಮೆತ್ತಗಿರೋ ಎಲೆ, ಆಮೇಲೆ ತೋಟದ ಜೀಪ್ ರಸ್ತೆಯ ಇಳಿಜಾರು ಬಂತು ಅಂದ್ರೆ ಕಾಲು ತಾನಾಗೇ ಬಿಟ್ಕೊಳುತ್ತೆ. ಇಂಥ ಇಳಿಜಾರಲ್ಲೇ ವೆಸ್ಟ್ ಎಂಥದ್ದು ಅಂತ ಗೊತ್ತಾಗೋದು. ಗಟ್ಟಿ ಬಾಟಲ್ ಆದ್ರೆ ಅರ್ಧ ಖಾಲಿ ಆದ್ಮೇಲೆ ಕುಲುಕುಲು ಅಂತಿರುತ್ತೆ, ಸಾಫ್ಟ್ ಫ್ಲಾಸ್ಕ್ ಕುಡಿದಂಗೆ ಕುಡಿದಂಗೆ ಕುಗ್ಗುತ್ತೆ, ಮೈಗೆ ಅಂಟ್ಕೊಂಡೇ ಇರುತ್ತೆ. ಇದಕ್ಕೆ ಫುಲ್ ಮಾರ್ಕ್ಸ್.

ಆದ್ರೆ ಮಳೆ ಬಂದ್ರೆ ಕಥೆ ಬೇರೆ. ಬಟ್ಟೆ ನೀರು ಹೀರ್ಕೊಂಡು ಭಾರ ಆಗುತ್ತೆ, ಕಂಕುಳ ಹತ್ರ ಇರೋ ಹೊಲಿಗೆ ಚರ್ಮ ಕಿತ್ತು ಇಡುತ್ತೆ, ಸಂಜೆ ಸ್ನಾನಕ್ಕೆ ಹೋದಾಗ ಬಿಸಿನೀರು ಬಿದ್ರೆ ಜೀವ ಹೋದಂಗಾಗುತ್ತೆ. ಅದಕ್ಕೆ ಶುರುವಲ್ಲೇ ಕೊಬ್ಬರಿ ಎಣ್ಣೆನೋ ಪೆಟ್ರೋಲಿಯಂ ಜೆಲ್ಲಿನೋ ಚೆನ್ನಾಗಿ ಹಚ್ಕೊಳ್ಳಿ, ಇಂಬಳ ಇರೋ ಕಡೆ ಕಾಲಿಗೂ ಎಣ್ಣೆ ಹಚ್ಕೊಳ್ಳಿ, ಫೋನ್‌ನ ಮಾತ್ರ ಜಿಪ್ ಲಾಕ್ ಕವರಲ್ಲೇ ಇಡಿ, "ವಾಟರ್ ರೆಸಿಸ್ಟೆಂಟ್" ಅಂತ ಟ್ಯಾಗಲ್ಲಿ ಬರ್ದಿರೋದನ್ನ ಮಲೆನಾಡಿನ ಮಳೆಗೆ ನಂಬೋಹಾಗಿಲ್ಲ. ಎದೆ ಕ್ಲಿಪ್ ಕೂಡ ಅಲ್ಲೇ ಮುರಿದಿದ್ದು. ಕಂಪನಿಗೆ ಮೇಲ್ ಹಾಕಿದ್ರೆ ಉತ್ತರ ಇಲ್ಲ, ಕೊನೆಗೆ ನಮ್ಮ ಏರಿಯಾದ ಬ್ಯಾಗ್ ರಿಪೇರಿಯವರು ಸ್ಕೂಲ್ ಬ್ಯಾಗಿನ ಕ್ಲಿಪ್ ಹಾಕಿ ಹೊಲಿದು ಕೊಟ್ರು, ಇವತ್ತಿಗೂ ಗಟ್ಟಿ ಇದೆ.

ಲಡಾಖ್‌ಗೆ ಬಂದ್ರೆ ಇದೇ ವೆಸ್ಟ್ ಬೇರೆ ವಸ್ತುನೇ ಆಗ್ಬಿಡುತ್ತೆ. ಖರ್ದುಂಗ್ ಲಾ ಚಾಲೆಂಜ್ ಅನ್ನೋ ಓಟ 72 ಕಿಲೋಮೀಟರ್, ಖರ್ದುಂಗ್ ಹಳ್ಳಿಯಿಂದ ಕತ್ತಲಲ್ಲೇ ಶುರು, 5,300 ಮೀಟರ್‌ಗೂ ಮೇಲಿರೋ ಪಾಸ್ (ಬೆಟ್ಟ ದಾಟೋ ದಾರಿ) ಹತ್ತಿ ಆ ಕಡೆ ಲೇಹ್ ಊರಿಗೆ ಇಳೀಬೇಕು. ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರೋದ್ರ ಅರ್ಧದಷ್ಟೇ, ಅದಕ್ಕೇ ದಿನಗಟ್ಟಲೆ ಮೊದಲೇ ಹೋಗಿ ಅಲ್ಲಿ ಇದ್ದು ಮೈ ಒಗ್ಗಿಸ್ಕೋಬೇಕು, ಇದರಲ್ಲಿ ಯಾವ ಶಾರ್ಟ್‌ಕಟ್ಟೂ ಇಲ್ಲ. ಅಲ್ಲಿ ಬ್ಲ್ಯಾಡರ್ ಕೈ ಕೊಡುತ್ತೆ, ಯಾಕಂದ್ರೆ ತೆಳ್ಳಗಿನ ಪೈಪಲ್ಲಿ ನಿಂತಿರೋ ನೀರು ಮೊದಲು ಹೆಪ್ಪುಗಟ್ಟೋದು, ಬೆನ್ನಲ್ಲಿ ಲೀಟರ್‌ಗಟ್ಟಲೆ ನೀರು ಇದ್ರೂ ಬಾಯಿಗೆ ಒಂದು ಹನಿ ಬರಲ್ಲ. ಪ್ರತಿ ಸಲ ಕುಡಿದ ಮೇಲೆ ಪೈಪಿಗೆ ಊದಿ ನೀರನ್ನ ವಾಪಸ್ ತಳ್ಳಬೇಕು, ಆದ್ರೆ ಆ ಎತ್ತರದಲ್ಲಿ ಊದೋಕೆ ಉಸಿರೆಲ್ಲಿಂದ ತರೋದು! ಫ್ಲಾಸ್ಕ್‌ಗಳನ್ನ ಜಾಕೆಟ್ ಒಳಗೆ ಎದೆಗೆ ತಾಗೋಹಾಗೆ ಇಟ್ಕೊಳ್ಳೋದೇ ಸರಿ. ಪಾಸ್ ಮೇಲೆ ಪ್ರಾರ್ಥನೆಯ ಬಾವುಟಗಳು ಪಟಪಟ ಅನ್ನೋದು ಕೇಳಿಸಿದಾಗ ಆಗೋ ಖುಷಿ ಇದೆಯಲ್ಲ, ನಾನು ಅಲ್ಲಿ ಅತ್ತಿದ್ದೀನಿ. ಅಲ್ಲಿಂದ ಇಳೀತಾ ಬಿಸಿಲು ಏರುತ್ತೆ, ಗ್ಲೌಸು, ಟೋಪಿ, ಜಾಕೆಟ್ ಒಂದೊಂದೇ ಬಿಚ್ಚಿ ನಿಲ್ಲದೇ ಹಿಂದಿನ ಪಾಕೆಟ್‌ಗೆ ತುರುಕಬಹುದು, 5 ಲೀಟರ್‌ದಲ್ಲಿ ಇದು ಸಾಧ್ಯನೇ ಇಲ್ಲ.

ಜಾಕೆಟ್ ಬಗ್ಗೆ ನಾನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದ ಓಟದ ಮಧ್ಯೆ ಇದ್ದಕ್ಕಿದ್ದಂಗೆ ಚಳಿಗಾಳಿ, ಆಲಿಕಲ್ಲು, ಮಳೆ ಹೊಡೀತು, 21 ಜನ ಓಟಗಾರರು ಸತ್ರು. ಅವರಲ್ಲಿ ಆ ದೇಶದ ಟಾಪ್ ಓಟಗಾರರೂ ಇದ್ರು, ತುಂಬಾ ಜನ ಚಡ್ಡಿ ಟೀ ಶರ್ಟಲ್ಲೇ ಇದ್ರು, ಅಲ್ಲಿ ಜಾಕೆಟ್ ಕಡ್ಡಾಯ ಇರ್ಲಿಲ್ಲ. ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ನಡೆಯೋ ಯುಟಿಎಂಬಿ ಅನ್ನೋ ದೂರದ ಓಟದಲ್ಲಿ ಟೋಪಿ ಇರೋ ವಾಟರ್‌ಪ್ರೂಫ್ ಜಾಕೆಟ್, ಸರ್ವೈವಲ್ ಬ್ಲ್ಯಾಂಕೆಟ್ (ಮೈ ಬಿಸಿ ಉಳಿಸೋ ತೆಳ್ಳಗಿನ ಹೊದಿಕೆ), ಸೀಟಿ, ಕನಿಷ್ಠ 1 ಲೀಟರ್ ನೀರು ಇದೆಲ್ಲ ಇಲ್ದೇ ಓಡೋಕೆ ಬಿಡಲ್ಲ. ವೆಸ್ಟ್ ಪಟ್ಟಿಲಿ ಒಂದು ಪುಟ್ಟ ಸೀಟಿ ಇರುತ್ತೆ ನೋಡಿ, ಭಾರ ಕಮ್ಮಿ ಮಾಡೋಕೆ ಅಂತ ಅದನ್ನ ಕತ್ತರಿಸಿ ಹಾಕೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಥಾರ್ ಕಡೆ ಜೈಸಲ್ಮೇರಿಂದ 1971ರ ಯುದ್ಧ ನಡೆದ ಲೋಂಗೆವಾಲಾಗೆ 160 ಕಿಲೋಮೀಟರ್‌ವರೆಗೂ ಓಡೋರಿದ್ದಾರೆ. ಮರಳುಗಾಡಿನ ಒಂದು ಓಟ ನಾನು ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಹಗಲೆಲ್ಲ ಬಿಸಿಲು, ನೆರಳಿಲ್ಲ, ರಾತ್ರಿ ಆಗ್ತಿದ್ದಂಗೆ ಚಳಿ, ಹೊಟ್ಟೆ ಏನನ್ನೂ ಇಟ್ಕೊಳ್ಳಲ್ಲ ಅಂತ ಹಠ ಹಿಡೀತು, ವಾಂತಿ, ಕಾಲು ಸೆಳೆತ, ಕೊನೆಗೆ ಮೆಡಿಕಲ್ ಟೆಂಟ್‌ನಲ್ಲಿ ಕೂತು ಬಿಬ್ (ಎದೆ ಮೇಲಿನ ಓಟದ ನಂಬರ್ ಚೀಟಿ) ಬಿಚ್ಚಿ ಕೊಟ್ಟೆ. ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದು ಮಾಡಿದ ಪ್ರಾಕ್ಟೀಸ್ ಎಲ್ಲ ಕಣ್ಮುಂದೆ ಬಂತು, ಆ ನೋವು ಆರೋಕೆ ತುಂಬಾ ಟೈಮ್ ಹಿಡೀತು. ಆದ್ರೆ ಆವತ್ತು ರಾತ್ರಿ ನಡುಗ್ತಾ ಕೂತಿದ್ದಾಗ ಬೆಚ್ಚಗಿಟ್ಟಿದ್ದು ಬೆನ್ನ ಮೇಲಿದ್ದ ಅದೇ ಜಾಕೆಟ್.

ಮರಳುಗಾಡಿಗೆ ಇನ್ನೊಂದು ಮಾತು, ಬಾಯಿ ಹತ್ರನೇ ನೀರು ಇದೆ ಅಂತ ಸುಮ್ನೆ ಹೀರ್ತಾನೇ ಇರಬೇಡಿ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ರಕ್ತದ ಸೋಡಿಯಂ (ಉಪ್ಪಿನಂಶ) ಕಮ್ಮಿ ಆಗಿತ್ತು, ಅತಿಯಾಗಿ ಕುಡಿದು ಓಟದಲ್ಲೇ ತೂಕ ಜಾಸ್ತಿ ಆಗಿದ್ದೋರಿಗೆ ಅಪಾಯ ಹೆಚ್ಚಿತ್ತು. ನಾನೀಗ ಒಂದು ಫ್ಲಾಸ್ಕಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇಟ್ಕೊಂಡು ಬಾಯಾರಿಕೆ ಆದಾಗ ಮಾತ್ರ ಕುಡೀತೀನಿ.

ತಗೊಳ್ಳೋ ಮುಂಚೆ ಅಂಗಡಿಲೇ ಫ್ಲಾಸ್ಕ್‌ಗೆ ನೀರು ತುಂಬಿಸಿ, ಹಿಂದೆ ಜಾಕೆಟ್ ಇಟ್ಟು, ಹಾಕ್ಕೊಂಡು ಹತ್ತು ಹೆಜ್ಜೆ ಕುಣಿದು ನೋಡಿ, ಖಾಲಿ ವೆಸ್ಟ್ ಎಲ್ಲರಿಗೂ ಸರಿ ಹೋಗುತ್ತೆ. ಹೆಂಗಸರಿಗೆ ಫ್ಲಾಸ್ಕ್ ಸ್ವಲ್ಪ ಪಕ್ಕಕ್ಕೆ ಬರೋಹಾಗೆ ಬೇರೆ ಕಟ್ ಇರೋದು ಸಿಗುತ್ತೆ, ಅದನ್ನೇ ಕೇಳಿ. ಓಆರ್‌ಎಸ್ ಹಾಕಿದ ಫ್ಲಾಸ್ಕನ್ನ ಅವತ್ತೇ ತೊಳೆದು ಒಳಗೆ ಟಿಶ್ಯೂ ತುರುಕಿ ಒಣಗಿಸಿ, ಇಲ್ಲಾಂದ್ರೆ ಕಪ್ಪು ಬೂಷ್ಟು ಬಂದು ಎಸೀಬೇಕಾಗುತ್ತೆ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಮ್ಮಿ ಮಾಡಿದ್ದು ಆ ಕಂಕುಳ ಹೊಲಿಗೆಗೆ.