ಮನೆ ಹಾಕಿಸಿಕೊಡ್ತೀನಿ ಅಂದವನ ಮಾತು ಕೇಳಿ ಗ್ರಾಮಸಭೆ ತಪ್ಪಿಸಬೇಡಿ

ಅಮ್ಮನ ಹೆಸರಿಗೆ ಬರಬೇಕಿದ್ದ ಸರ್ಕಾರಿ ಯೋಜನೆಯ ಮನೆ ಕೈತಪ್ಪಿತು. ಗ್ರಾಮಸಭೆಗೆ ನಾವು ಹೋಗಲಿಲ್ಲ, ಅದಕ್ಕೇ. ಹೋಗಬೇಡಿ ಅಂದವನಿಗೆ ನಾವೇ ಹದಿನೈದು ಸಾವಿರ ಕೊಟ್ಟಿದ್ದೆವು.

ನಮ್ಮದು ಮಲೆನಾಡಿನ ಅಂಚಿನ ಊರು. ಮಣ್ಣಿನ ಗೋಡೆ, ಹಳೇ ಹೆಂಚು. ಜುಲೈ ಬಂತೆಂದರೆ ಮಲಗುವ ಜಾಗದಲ್ಲೇ ಎರಡು ಪಾತ್ರೆ ಇಡಬೇಕು. ಹಿಂದಿನ ಗೋಡೆಗೆ ಕೈ ತಾಗಿದರೆ ಮಣ್ಣು ಉದುರುತ್ತದೆ. ಅದೇ ಅಂಗಳದಲ್ಲಿ ಚಿಕ್ಕಪ್ಪನ ಆರ್‌ಸಿಸಿ ಮನೆ ಇದೆ.

ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಹೊಸ ಸಮೀಕ್ಷೆ ಶುರುವಾದಾಗ ಊರಿನ ಒಬ್ಬ ಮನೆಗೆ ಬಂದ. ಪಂಚಾಯ್ತಿ ಕಟ್ಟೆ ಮೇಲೆ ದಿನಾ ಕೂರುವವನು. "ಅಮ್ಮಾ, ನಿಮ್ಮನೇಲಿ ಬೈಕ್ ಇದೆಯಲ್ಲ, ಅರ್ಜಿ ಬಿದ್ದೋಗುತ್ತೆ. ನಾನು ನೋಡ್ಕೋತೀನಿ" ಅಂದ. ಬೈಕ್ ಇದ್ದವರಿಗೆ ಮನೆ ಇಲ್ಲ ಅನ್ನುವ ಷರತ್ತು ಮೊದಲು ಇದ್ದದ್ದು ನಿಜ. 2024ರಲ್ಲೇ ಅದನ್ನು ತೆಗೆದಿದ್ದರು, ಫ್ರಿಜ್‌ನದ್ದನ್ನೂ ತೆಗೆದಿದ್ದರು. ನಮಗೆ ಗೊತ್ತಿರಲಿಲ್ಲ. ಅಮ್ಮ ಸಂಘದಲ್ಲಿ ಸಾಲ ಎತ್ತಿ ಕೊಟ್ಟಳು. ರಸೀದಿ ಏನೂ ಇಲ್ಲ.

ಗ್ರಾಮಸಭೆ ಇದೆ ಅಂತ ಆಟೋದಲ್ಲಿ ಮೈಕ್ ಕೂಗಿಕೊಂಡು ಹೋದರು. ಅವತ್ತೇ ರಾತ್ರಿ ಇವನ ಫೋನು. "ನೀವು ಬಂದರೆ ಜನ ಸುಮ್ನೆ ತಕರಾರು ತೆಗೀತಾರೆ. ಹೆಸರು ಲಿಸ್ಟಲ್ಲಿದೆ." ಅಮ್ಮ ಅಡಿಕೆ ಸುಲಿಯೋಕೆ ಹೋದಳು, ನಾನು ನನ್ನ ಕೆಲಸಕ್ಕೆ.

ಸಭೆಯಲ್ಲಿ ಅಮ್ಮನ ಹೆಸರು ಓದಿದ್ದು ಕೈಬಿಟ್ಟವರ ಪಟ್ಟಿಯಲ್ಲಿ. ಕಾರಣ, ಪಕ್ಕಾ ಮನೆ ಇದೆ.

ಆಮೇಲೆ ಪಂಚಾಯ್ತಿಯಲ್ಲಿ ಕೇಳಿ ಸಮೀಕ್ಷೆಯ ಫೋಟೋ ನೋಡಿದೆ. ಚಿಕ್ಕಪ್ಪನ ಮನೆಯ ಮೆಟ್ಟಿಲ ಮೇಲೆ ಅಮ್ಮ ನಿಂತಿದ್ದಾಳೆ, ಕೈಯಲ್ಲಿ ಆಧಾರ್ ಕಾರ್ಡು. ಸಮೀಕ್ಷೆಯವರ ಜೊತೆ ಬಂದಿದ್ದ ಇವನೇ "ಇಲ್ಲಿ ಬೆಳಕು ಚೆನ್ನಾಗಿದೆ" ಅಂತ ಅಲ್ಲಿ ನಿಲ್ಲಿಸಿದ್ದನಂತೆ. ಇನ್ನೊಬ್ಬರ ಹೆಸರಿನ ಮುಂದೆಯೂ ಹೀಗೇ ತಪ್ಪು ಬರೆದಿತ್ತು. ಅವರು ಸಭೆಯಲ್ಲೇ ಎದ್ದು ನಿಂತು "ಅದು ನನ್ನ ಮನೆ ಅಲ್ಲ" ಅಂದರು. ಸಭೆಯ ದಾಖಲೆಯಾದ ನಡಾವಳಿಯಲ್ಲಿ ಬರೆಸಿ, ಅಂದೇ ಸರಿಮಾಡಿಸಿಕೊಂಡರು.

ಮನೆ ಸಿಗುವವರ ಪಟ್ಟಿಯ ಮೇಲ್ಗಡೆ ಇದ್ದದ್ದು ಟಾರ್ಪಾಲ್ ಗುಡಿಸಲಲ್ಲಿ ಇಬ್ಬರು ಮಕ್ಕಳ ಜೊತೆ ಇರುವ ಒಬ್ಬ ವಿಧವೆ. ಅದು ಸರಿಯೇ. ಸೂರೇ ಇಲ್ಲದವರು ಮೊದಲು, ಆಮೇಲೆ ಕಚ್ಚಾ ಮನೆಯವರು ಅಂತಲೇ ನಿಯಮ ಇರೋದು. ದುಡ್ಡು ಕೊಟ್ಟು ನಾವು ಅಂಥವರನ್ನು ದಾಟಿ ಹೋಗೋಕೆ ನೋಡಿದ ಹಾಗಾಯ್ತು ಅಲ್ವಾ? ಹೋದ ದುಡ್ಡಿಗಿಂತ ಇದೇ ನನಗೆ ಜಾಸ್ತಿ ನೋವು.

ದಯವಿಟ್ಟು ಕೇಳಿ. ಸಮೀಕ್ಷೆಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಈ ಸಲ ಆವಾಸ್ ಪ್ಲಸ್ ಆ್ಯಪ್‌ನಲ್ಲಿ ಜನರೇ ತಮ್ಮ ಫೋನಿಂದ ಮಾಡಿಕೊಳ್ಳೋಕೂ ಅವಕಾಶ ಕೊಟ್ಟಿದ್ದರು. ಮಂಜೂರಾದರೆ 1.20 ಲಕ್ಷ ರೂಪಾಯಿ ಕಂತುಕಂತಾಗಿ ನೇರ ನಿಮ್ಮ ಖಾತೆಗೇ ಬರುತ್ತದೆ. ಮಧ್ಯದಲ್ಲಿ ಯಾರಿಗೂ ಕೆಲಸವೇ ಇಲ್ಲ. ಫೋಟೋ ಯಾವ ಮನೆ ಮುಂದೆ ತೆಗೀತಿದ್ದಾರೆ ಅಂತ ನಿಂತು ನೋಡಿ. ಒಂದು ದಿನದ ಕೂಲಿ ಹೋದರೂ ಪರವಾಗಿಲ್ಲ, ಗ್ರಾಮಸಭೆಗೆ ಹೋಗಿ ಕೂರಿ. ನಡಾವಳಿಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ.

ನಾವು ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿಗೆ ಬರೆದಿದ್ದೇವೆ. ಹಿಂದಿನ ಗೋಡೆ, ಹೆಂಚು, ಸೋರುವ ಜಾಗದ ಪಾತ್ರೆ, ಎಲ್ಲದರ ಫೋಟೋ ಇಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.