ವ್ಯಾಸಕ್ಕೆಂದು ತಂದೆ, ಉದ್ದಕ್ಕೆ ಒದಗಿತು: ಲೇತ್‌ಗೆ ಡಿಆರ್‌ಒ ಹಾಕಿ ಎರಡು ವರ್ಷ

ಮನೆ ಹಿಂದಿನ ಶೆಡ್‌ನಲ್ಲಿರುವುದು ಪೀಣ್ಯದಿಂದ ತಂದ ಸೆಕೆಂಡ್ ಹ್ಯಾಂಡ್ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ), ನಾಲ್ಕೂವರೆ ಅಡಿಯದು. ಅದಕ್ಕೆ ಕೊಟ್ಟದ್ದು 65 ಸಾವಿರ. ಅದರ ಮೇಲೆ 22 ಸಾವಿರದ ಡಿಆರ್‌ಒ (ಡಿಜಿಟಲ್ ರೀಡ್‌ಔಟ್, ಟೂಲ್ ಎಷ್ಟು ಸರಿಯಿತು ಅಂತ ಸ್ಕ್ರೀನ್ ಮೇಲೆ ತೋರಿಸುವ ಸಾಧನ) ಹಾಕಿಸುತ್ತೇನೆ ಅಂದಾಗ ಅಣ್ಣ ನಕ್ಕ. "ಮುದಿ ಎತ್ತಿಗೆ ಹಿತ್ತಾಳೆ ಕೋಡಣಸು ಕಣೋ" ಅಂದ.

ನನಗೆ ಬೇಕಿದ್ದದ್ದು ವ್ಯಾಸದ ಲೆಕ್ಕ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನ ಸ್ಕ್ರೂ ಸವೆದಿದೆ, ಹ್ಯಾಂಡಲ್ ಕಾಲು ಸುತ್ತು ಸುಮ್ನೆ ತಿರುಗುತ್ತದೆ. ಡಿಆರ್‌ಒ ಹಾಕಿದರೆ ಆ ಪ್ಲೇ ಏನೂ ಹೋಗುವುದಿಲ್ಲ. ಆದರೆ ಅದರ ಗಾಜಿನ ಸ್ಕೇಲ್‌ಗೆ ಹ್ಯಾಂಡಲ್ ಗೊಡವೆ ಇಲ್ಲ, ಸ್ಲೈಡ್ ಎಷ್ಟು ಸರಿಯಿತೋ ಅಷ್ಟನ್ನೇ ತೋರಿಸುತ್ತದೆ.

ಕೂರಿಸೋಕೆ ಒಂದು ಮಧ್ಯಾಹ್ನ ಸಾಕು ಅಂದಿದ್ದರು. ಮೂರು ಭಾನುವಾರ ಹೋಯಿತು. ಎರಕದ ಬೆಡ್‌ನ ಹಿಂಬದಿ ರೊಟ್ಟಿ ಹಂಚಿನಷ್ಟು ಒರಟು. ಡಯಲ್ ಗೇಜ್ ಕಟ್ಟಿ ಟೂಲನ್ನು ಹೊತ್ತು ಉದ್ದಕ್ಕೆ ಓಡುವ ಸ್ಯಾಡಲ್ ಅನ್ನು ಆ ತುದಿ ಈ ತುದಿ ಓಡಿಸಿ, ಜ್ಯೂಸ್ ಡಬ್ಬಿಯ ತಗಡು ಕತ್ತರಿಸಿ ಕೆಳಗೆ ತುರುಕಿ ಸ್ಕೇಲ್ ನೇರ ಮಾಡಿದೆ. ಸ್ಕೇಲ್‌ನ ರಬ್ಬರ್ ತುಟಿ ಇರುವ ಕಡೆ ಕೆಳಕ್ಕೆ ಬರಬೇಕು, ಇಲ್ಲದಿದ್ದರೆ ಚೂರು, ಕೂಲೆಂಟ್ ಎಲ್ಲ ಒಳಗೆ.

ಖುಷಿ ಸಿಕ್ಕಿದ್ದು ಎಣಿಸದ ಕಡೆಯಿಂದ. ನನ್ನ ಲೇತಿನ ಸ್ಯಾಡಲ್ ಹ್ಯಾಂಡ್‌ವೀಲ್‌ಗೆ ಡಯಲ್ಲೇ ಇಲ್ಲ. ಪುಲ್ಲಿಯಲ್ಲಿ 6204 ಬೇರಿಂಗ್‌ಗೆ ಮನೆ ಕೊರೆಯಬೇಕು ಅಂದ್ರೆ 14 ಮಿಮೀ ಆಳ. ಮೊದಲೆಲ್ಲ ಬೋರಿಂಗ್ ಬಾರ್ ಮೇಲೆ ಮಾರ್ಕರ್‌ನಿಂದ ಗೆರೆ. ಅಲ್ಲಿಗೆ ಬಂದಾಗ ನಿಲ್ಲಿಸು, ಚೂರು ಊದು, ವರ್ನಿಯರ್ ಬಾಲ ಇಳಿಸಿ ನೋಡು, ಇನ್ನೂ ಅರ್ಧ ಮಿಮೀ ಇದೆ, ಮತ್ತೆ ಶುರು. ಅಷ್ಟರಲ್ಲಿ ಗೆರೆ ಎಣ್ಣೆಗೆ ಅಳಿಸಿರುತ್ತಿತ್ತು.

ಈಗ ಟೂಲಿನ ತುದಿಯನ್ನು ಮುಖಕ್ಕೆ ತಾಗಿಸಿ ಝೀರೋ ಒತ್ತುತ್ತೇನೆ. ಟೂಲ್ ತಾನೇ ಸರಿಯುವ ಹಾಗೆ ಫೀಡ್ ಹಾಕಿ ಸ್ಕ್ರೀನ್ ನೋಡುತ್ತಾ ನಿಲ್ಲುತ್ತೇನೆ. ಒಳಗೆ ಕತ್ತಲೆ, ಟೂಲ್ ಕಾಣಲ್ಲ, ಶಬ್ದ ಮಾತ್ರ. 13.5 ಬಂದಾಗ ಫೀಡ್ ಬಿಡಿಸಿ, ಉಳಿದದ್ದನ್ನು ಕೈಯಲ್ಲೇ ಮೆಲ್ಲಗೆ ತಳ್ಳುತ್ತೇನೆ. 14.000. ಮೊದಮೊದಲು ನಂಬದೆ ವರ್ನಿಯರ್ ಇಳಿಸುತ್ತಿದ್ದೆ. ಈಗ ಇಳಿಸುವುದಿಲ್ಲ. ಕೆಲಸ ಮುಗಿದ ಮೇಲೆ ಸ್ಕ್ರೀನ್‌ಗೆ ಹಳೇ ಬನಿಯನ್ ತುಂಡು ಹೊದಿಸುತ್ತೇನೆ. ಲೇತ್‌ಗೇ ಇಷ್ಟು ಉಪಚಾರ ಯಾವತ್ತೂ ಮಾಡಿದವನಲ್ಲ.

ಇನ್ನು ವ್ಯಾಸದ ಕಥೆ. ದುಡ್ಡು ಉಳಿಸೋಕೆ ಹೋಗಿ ಅಡ್ಡಕ್ಕೂ ಉದ್ದಕ್ಕೂ 5 ಮೈಕ್ರಾನ್ (0.005 ಮಿಮೀ) ಸ್ಕೇಲ್ ತಗೊಂಡೆ. ಕೂದಲಿಗಿಂತ ಎಷ್ಟೋ ಸಣ್ಣದು, ಸಾಕಲ್ವಾ ಅಂದುಕೊಂಡೆ. ಸಾಕಾಗಲ್ಲ. ಸ್ಲೈಡ್ 5 ಮೈಕ್ರಾನ್ ಸರಿದರೆ ಶಾಫ್ಟ್ ಸುತ್ತಲೂ ಅಷ್ಟು ಕಡಿದು, ವ್ಯಾಸ 10 ಮೈಕ್ರಾನ್ ಇಳಿಯುತ್ತದೆ. 20 ಮಿಮೀ ಶಾಫ್ಟ್ ಮೇಲೆ ಬೇರಿಂಗ್ ಬಿಗಿಯಾಗಿ ಕೂರಲು ಕೆ6 ಫಿಟ್ (ಬಿಗಿತಕ್ಕೆ ಗೊತ್ತುಮಾಡಿದ ಅಳತೆಯ ಮಿತಿ) ಇಟ್ಟರೆ, ಅಳತೆ 20.002ರಿಂದ 20.015ರ ಒಳಗೆ ಬರಬೇಕು. ನನ್ನ ಸ್ಕ್ರೀನ್ 20.02, 20.01, 20.00 ಅಂತ ಮೆಟ್ಟಿಲು ಹಾರುತ್ತದೆ. ಹಾಗಾಗಿ ಕೊನೇ ಕಟ್‌ಗೆ ಇವತ್ತಿಗೂ ಮೈಕ್ರೋಮೀಟರ್, ಎಮರಿ ಪೇಪರ್, ಮೇಲಿಂದ ದೇವರು. ಹಾಕಿಸುವವರು ಕ್ರಾಸ್ ಸ್ಲೈಡ್‌ಗೆ 1 ಮೈಕ್ರಾನಿನದನ್ನೇ ಕೇಳಿ. ಉದ್ದಕ್ಕೆ 5 ಧಾರಾಳ.

ಇನ್ನೊಂದು ಪೆಟ್ಟು ತಿಂದದ್ದು ನನ್ನ ಅಭ್ಯಾಸದಿಂದ. ಕ್ರಾಸ್ ಸ್ಲೈಡ್ ಮೇಲೆ ಕೂರುವ, ಓರೆಗೆ ತಿರುಗಿಸಬಹುದಾದ ಚಿಕ್ಕ ಕಾಂಪೌಂಡ್ ಸ್ಲೈಡ್‌ಗೆ ಸ್ಕೇಲ್ ಇಲ್ಲ. ಒಂದು ಸಲ ಫ್ಲಾಂಜ್ ಫೇಸ್ ಮಾಡುವಾಗ (ಮುಖ ಸಮ ಮಾಡುವಾಗ) ಹಳೇ ಚಾಳಿಯಲ್ಲಿ ಕಾಂಪೌಂಡ್‌ನಿಂದಲೇ ಕಟ್ ಕೊಟ್ಟೆ. ಸ್ಕ್ರೀನ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಅದನ್ನೇ ನಂಬಿದೆ. ಫ್ಲಾಂಜ್ ಒಂದು ಮಿಮೀಗಿಂತ ಜಾಸ್ತಿ ತೆಳ್ಳಗಾಗಿ ಗುಜರಿಗೆ ಹೋಯಿತು. ಆವತ್ತೇ ಕಾಂಪೌಂಡಿನ ಹ್ಯಾಂಡಲ್ ಬಿಚ್ಚಿ ಡ್ರಾಯರ್‌ಗೆ ಹಾಕಿದೆ. ಟೇಪರ್ (ಓರೆ ಕಡೆಯುವ) ಕೆಲಸ ಬಂದಾಗ ಮಾತ್ರ ಅದು ಆಚೆ ಬರುತ್ತದೆ.